ಸೂತ್ರ ಗೊತ್ತಿದ್ದರೂ ರಾಸಾಯನಿಕ ಸಮತೋಲನದ ಲೆಕ್ಕಗಳು ಏಕೆ ಬಿಡಿಸಲು ಬರುವುದಿಲ್ಲ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಯಾದಗಿರಿಯಲ್ಲಿ ಪ್ರಥಮ ಪಿಯುಸಿ ವಿಜ್ಞಾನ. ಸೂತ್ರಗಳೆಲ್ಲ ಬಾಯಿಪಾಠವಾಗಿವೆ, ತರಗತಿಯಲ್ಲಿ ಹಲಗೆಯ ಮೇಲೆ ಬಿಡಿಸುವಾಗ ಎಲ್ಲವೂ ತಿಳಿದಂತೆ ಇರುತ್ತದೆ, ಮನೆಗೆ ಬಂದು ಹೊಸ ಲೆಕ್ಕ ಹಿಡಿದರೆ ಮೊದಲ ಸಾಲಿಗೆ ಏನು ಬರೆಯಬೇಕೆಂದೇ ತೋಚುವುದಿಲ್ಲ ಎಂದಿದ್ದೀರಿ. "ನನಗೆ ಬಾರದಿರುವುದು ಗಣಿತವೋ ಇಂಗ್ಲಿಷೋ" ಎಂದೂ ಕೇಳಿದ್ದೀರಿ. ಎರಡೂ ಅಲ್ಲ ಎಂದು ನನಗೆ ಅನಿಸುತ್ತದೆ. ನೀವು ಲೆಕ್ಕವನ್ನು ಕೊನೆಯ ಸಾಲಿನಿಂದ ಶುರು ಮಾಡುತ್ತಿದ್ದೀರಿ.

ಕಲಬುರಗಿಯಲ್ಲಿ ಹದಿನಾಲ್ಕು ವರ್ಷಗಳಿಂದ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ನಾನೂ ಕನ್ನಡ ಮಾಧ್ಯಮದಿಂದ ಬಂದವನೇ. ಇದೇ ಅಧ್ಯಾಯದ ಕಿರುಪರೀಕ್ಷೆಯಲ್ಲಿ ನನಗೆ 25ಕ್ಕೆ 6 ಅಂಕ ಬಂದಿದ್ದವು. ಅಪ್ಪ ಆಗ ನೆಹರೂ ಗಂಜಿನ ಒಂದು ಅಡತ ಅಂಗಡಿಯಲ್ಲಿ ಮುನೀಮರಾಗಿದ್ದರು. ತೊಗರಿ ಚೀಲಗಳ ಲೆಕ್ಕ ಬರೆಯುವುದು ಅವರ ಕೆಲಸ, ರಸಾಯನಶಾಸ್ತ್ರದ ಗಂಧ ಅವರಿಗಿರಲಿಲ್ಲ. ಆ ರಾತ್ರಿ ನನ್ನ ಉತ್ತರಪತ್ರಿಕೆಯನ್ನು ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದರು: "ಇದರಲ್ಲಿ ಆರಂಭದ ಶಿಲ್ಕು ಯಾವುದು, ಸಂಜೆಯ ಶಿಲ್ಕು ಯಾವುದು? ಎರಡನ್ನೂ ಕಲಸಿಬಿಟ್ಟಿದ್ದೀಯಲ್ಲ?"

ನಾನು ಮಾಡಿದ ತಪ್ಪು ಅದೇ. ಪಾತ್ರೆಗೆ ಮೊದಲು ಹಾಕಿದ ಪ್ರಮಾಣಗಳನ್ನೇ ಒಯ್ದು ಸಮತೋಲನ ಸ್ಥಿರಾಂಕದ ಸೂತ್ರಕ್ಕೆ ತುಂಬಿದ್ದೆ. ಆ ಸೂತ್ರಕ್ಕೆ ಹೋಗಬೇಕಾದದ್ದು ಪಾತ್ರೆ ಸಮತೋಲನಕ್ಕೆ ಬಂದ ಮೇಲಿನ ಸಾರತೆಗಳು (ಪ್ರತಿ ಲೀಟರಿನಲ್ಲಿರುವ ಪ್ರಮಾಣಗಳು) ಮಾತ್ರ. ಈಗಲೂ ಪ್ರತಿ ವರ್ಷ ಈ ತಪ್ಪನ್ನು ಬೇಕಾದಷ್ಟು ನೋಡುತ್ತೇನೆ. ಸೂತ್ರ ಚೆನ್ನಾಗಿ ನೆನಪಿರುವವರೇ ಇದನ್ನು ಹೆಚ್ಚು ಮಾಡುತ್ತಾರೆ, ಏಕೆಂದರೆ ಅವರ ಕೈ ಸೂತ್ರದ ಕಡೆಗೆ ಮೊದಲು ಓಡುತ್ತದೆ.

ಅಪ್ಪನ ಖಾತೆಪುಸ್ತಕದಲ್ಲಿ ದಿನಕ್ಕೆ ಮೂರು ಸಾಲು ಇರುತ್ತಿದ್ದವು. ಬೆಳಗಿನ ಶಿಲ್ಕು, ಅದರ ಕೆಳಗೆ ಬಂದದ್ದು ಮತ್ತು ಹೋದದ್ದು, ಅದರ ಕೆಳಗೆ ಸಂಜೆಯ ಶಿಲ್ಕು. ನಡುವಿನ ಸಾಲನ್ನು ಬರೆಯದೆ ಕೆಳಗಿನ ಸಾಲನ್ನು ಬರೆಯುವ ಮುನೀಮ ಗಂಜಿನಲ್ಲಿ ಉಳಿಯಲಾರ. ಸಮತೋಲನದ ಲೆಕ್ಕಗಳಲ್ಲಿ ಹತ್ತರಲ್ಲಿ ಎಂಟು ಈ ಮೂರು ಸಾಲಿನಲ್ಲೇ ಬಿಡಿಸಿಕೊಳ್ಳುತ್ತವೆ: ಆರಂಭ, ಬದಲಾವಣೆ, ಕೊನೆ.

ಒಂದನ್ನು ಪೂರ್ತಿ ಮಾಡಿ ತೋರಿಸುತ್ತೇನೆ, ಪೆನ್ನು ಹಿಡಿದುಕೊಂಡೇ ಓದಿ. ಒಂದು ಲೀಟರಿನ ಮುಚ್ಚಿದ ಪಾತ್ರೆಯಲ್ಲಿ 1 ಮೋಲ್ (ಅಣುಗಳನ್ನು ಎಣಿಸುವ ಅಳತೆ) ಹೈಡ್ರೋಜನ್, 1 ಮೋಲ್ ಅಯೋಡಿನ್ ಆವಿ. ಎರಡೂ ಒಂದೊಂದು ಸೇರಿ 2 ಹೈಡ್ರೋಜನ್ ಅಯೋಡೈಡ್ ಆಗುತ್ತದೆ. ಸ್ಥಿರಾಂಕ 49 ಎಂದಿಟ್ಟುಕೊಳ್ಳೋಣ. ಪಠ್ಯದಲ್ಲಿ 700 ಕೆಲ್ವಿನ್‌ಗೆ 57 ಎಂದಿದೆ. ವರ್ಗಮೂಲ ಸಲೀಸಾಗಿ ಬರಲೆಂದು ನಾನು 49 ತೆಗೆದುಕೊಂಡಿದ್ದೇನೆ.

ಆರಂಭ: ಹೈಡ್ರೋಜನ್ 1, ಅಯೋಡಿನ್ 1, ಹೈಡ್ರೋಜನ್ ಅಯೋಡೈಡ್ 0.
ಬದಲಾವಣೆ: −ಎಕ್ಸ್, −ಎಕ್ಸ್, +2ಎಕ್ಸ್.
ಕೊನೆ: 1−ಎಕ್ಸ್, 1−ಎಕ್ಸ್, 2ಎಕ್ಸ್.

ನಡುವಿನ ಸಾಲಿನಲ್ಲಿ ಸ್ವಲ್ಪ ನಿಲ್ಲಿ. ಎಕ್ಸ್ ಎಷ್ಟೆಂದು ನಮಗೆ ಗೊತ್ತಿಲ್ಲ, ಆದರೆ ಹೋದದ್ದಕ್ಕೂ ಬಂದದ್ದಕ್ಕೂ ಇರುವ ಸಂಬಂಧ ಗೊತ್ತಿದೆ. ಸರಿದೂಗಿಸಿದ ಸಮೀಕರಣದಲ್ಲಿ ಪ್ರತಿ ವಸ್ತುವಿನ ಎಡಕ್ಕೆ ಬರೆದಿರುವ ಅಂಕೆಗಳೇ ಆ ಸಂಬಂಧ. ಅವುಗಳ ಜಾಗ ಈ ಸಾಲು. ಈ ಸಾಲು ಸರಿಯಾದರೆ ಉಳಿದದ್ದೆಲ್ಲ ಒಂಬತ್ತನೇ ತರಗತಿಯ ಬೀಜಗಣಿತ.

ಈಗ ಮೂರನೆಯ ಸಾಲನ್ನು ಮಾತ್ರ ಸೂತ್ರಕ್ಕೆ ಒಯ್ಯಿರಿ: ಆಗುವ ವಸ್ತುವಿನ ಸಾರತೆ ಮೇಲೆ, ಸೇರುವ ವಸ್ತುಗಳ ಸಾರತೆಗಳ ಗುಣಲಬ್ಧ ಕೆಳಗೆ, ಸಮೀಕರಣದ ಅಂಕೆಗಳು ಘಾತವಾಗಿ. ಮೇಲೆ 2ಎಕ್ಸ್‌ನ ವರ್ಗ, ಕೆಳಗೆ 1−ಎಕ್ಸ್‌ನ ವರ್ಗ, ಭಾಗಿಸಿದರೆ 49. ಎರಡೂ ಕಡೆ ವರ್ಗಮೂಲ ತೆಗೆದರೆ 2ಎಕ್ಸ್ ಎಂಬುದು 7−7ಎಕ್ಸ್‌ಗೆ ಸಮ. ಎಕ್ಸ್ 7/9, ಅಂದರೆ 0.778. ಕೊನೆಗೆ ಹೈಡ್ರೋಜನ್ 0.222, ಅಯೋಡಿನ್ 0.222, ಹೈಡ್ರೋಜನ್ ಅಯೋಡೈಡ್ 1.556. ಇವನ್ನು ತಿರುಗಿ ಸೂತ್ರಕ್ಕೆ ಹಾಕಿ ಹೆಚ್ಚುಕಡಿಮೆ 49 ಬರುವುದನ್ನು ನೋಡಿ. ಅರ್ಧ ನಿಮಿಷದ ಕೆಲಸ. ನನ್ನ ವಿದ್ಯಾರ್ಥಿಗಳು ಈ ತಾಳೆ ನೋಡದೆ ಉತ್ತರದ ಕೆಳಗೆ ಗೆರೆ ಎಳೆದರೆ ನಾನು ಹಾಳೆ ವಾಪಸ್ ಕೊಡುತ್ತೇನೆ.

ಈಗ ಅದೇ ಪಾತ್ರೆಗೆ ಬೇರೆ ಏನೂ ಹಾಕದೆ 2 ಮೋಲ್ ಹೈಡ್ರೋಜನ್ ಅಯೋಡೈಡ್ ಮಾತ್ರ ಹಾಕಿ ಮೂರು ಸಾಲು ಬರೆದು ನೋಡಿ. ಆರಂಭ 0, 0, 2. ಈ ಸಲ ಅದು ಒಡೆಯಬೇಕು, ಆದ್ದರಿಂದ +ಎಕ್ಸ್, +ಎಕ್ಸ್, −2ಎಕ್ಸ್. ಬಿಡಿಸಿದರೆ ಎಕ್ಸ್ 0.222, ಪಾತ್ರೆಯಲ್ಲಿ ಕೊನೆಗೆ ಉಳಿಯುವುದು ಮತ್ತೆ 0.222, 0.222, 1.556. ಆ ಕಡೆಯಿಂದ ಹೊರಟರೂ ಈ ಕಡೆಯಿಂದ ಹೊರಟರೂ ಸೇರಿದ ಊರು ಒಂದೇ. ನನಗೆ ಈ ಅಧ್ಯಾಯದ ಮೇಲೆ ಪ್ರೀತಿ ಹುಟ್ಟಿದ್ದು ಈ ಎರಡು ಉತ್ತರಗಳನ್ನು ಅಕ್ಕಪಕ್ಕ ಬರೆದಿಟ್ಟು ನೋಡಿದ ದಿನ. ಸಮತೋಲನ ಎಂದರೆ ಕ್ರಿಯೆ ನಿಂತಿತು ಎಂದಲ್ಲ. ಗೋದಾಮಿಗೆ ಚೀಲಗಳು ಬರುತ್ತಲೇ ಇವೆ, ಅಷ್ಟೇ ವೇಗದಲ್ಲಿ ಹೊರಗೆ ಹೋಗುತ್ತಲೂ ಇವೆ, ಎಣಿಸಿದರೆ ಸಂಖ್ಯೆ ಮಾತ್ರ ಅಷ್ಟೇ ಇದೆ. ನಾರ್ವೆಯ ವಿಜ್ಞಾನಿಗಳಾದ ಗುಲ್ಡ್‌ಬರ್ಗ್ ಮತ್ತು ವಾಗೆ 1864ರಲ್ಲಿ ಸಮತೋಲನ ಸ್ಥಿರಾಂಕದ ನಿಯಮಕ್ಕೆ ಬುನಾದಿ ಹಾಕಿದಾಗ ಅವರ ಕಣ್ಣ ಮುಂದೆ ಇದ್ದದ್ದೂ ಎರಡು ದಿಕ್ಕಿನ ಈ ಎಳೆದಾಟವೇ.

ಮೂರೂ ವಸ್ತುಗಳು ಮೊದಲೇ ಪಾತ್ರೆಯಲ್ಲಿದ್ದರೆ ಏನು ಮಾಡುವುದು ಎಂಬಲ್ಲಿ ಹಲವರು ಸಿಕ್ಕಿಬೀಳುತ್ತಾರೆ. ಹೈಡ್ರೋಜನ್ 0.5, ಅಯೋಡಿನ್ 0.5, ಹೈಡ್ರೋಜನ್ ಅಯೋಡೈಡ್ 4 ಇದೆ ಎನ್ನಿ. ಕೂಡಿಸಬೇಕೋ ಕಳೆಯಬೇಕೋ? ಇಲ್ಲಿ ಮಾತ್ರ ಆರಂಭದ ಸಾಲನ್ನು ಸೂತ್ರದ ಆಕಾರಕ್ಕೆ ಹಾಕಬಹುದು, ಆದರೆ ಅದರ ಹೆಸರು ಬೇರೆ: ಕ್ಯೂ, ಅಂದರೆ ಆ ಕ್ಷಣದ ಸಾರತೆಗಳಿಂದ ಬರುವ ಭಾಗಲಬ್ಧ. 16 ಭಾಗಿಸು 0.25, ಅಂದರೆ 64. ಇದು 49ಕ್ಕಿಂತ ದೊಡ್ಡದು. ಉತ್ಪನ್ನ ಇರಬೇಕಾದುದಕ್ಕಿಂತ ಹೆಚ್ಚಿದೆ, ಕ್ರಿಯೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ 0.5+ಎಕ್ಸ್, 0.5+ಎಕ್ಸ್, 4−2ಎಕ್ಸ್. ಬಿಡಿಸಿದರೆ ಎಕ್ಸ್ 0.056. ಅಕಸ್ಮಾತ್ ದಿಕ್ಕನ್ನು ತಪ್ಪಾಗಿ ಹಿಡಿದಿರಿ ಎನ್ನಿ, ಎಕ್ಸ್ −0.056 ಎಂದು ಬರುತ್ತದೆ, ಅಷ್ಟೇ. ಋಣಚಿಹ್ನೆ ಕಂಡ ಕೂಡಲೇ ಇಡೀ ಪುಟ ಹೊಡೆದುಹಾಕುವ ಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೀವು ಹೊರಟ ದಿಕ್ಕು ತಿರುವುಮುರುವು ಎಂದು ಆ ಚಿಹ್ನೆ ಹೇಳುತ್ತಿದೆ. ಅದನ್ನು ಒಪ್ಪಿಕೊಂಡು ಕೊನೆಯ ಸಾಲಿಗೆ ಹಾಕಿದರೆ ಉತ್ತರ ಸರಿಯಾಗಿಯೇ ಸಿಗುತ್ತದೆ.

ವರ್ಗಸಮೀಕರಣದ ಭಯಕ್ಕೆ ಒಂದು ಮಾತು. ಸ್ಥಿರಾಂಕ ಬಹಳ ಚಿಕ್ಕದಾಗಿದ್ದರೆ ಎಕ್ಸ್ ಕೂಡ ಚಿಕ್ಕದು, ಆಗ 0.1−ಎಕ್ಸ್ ಎಂಬುದನ್ನು ಬರೀ 0.1 ಎಂದು ಬರೆಯಬಹುದು ಎಂದು ಕಲಿಸುತ್ತಾರೆ. ಸರಿ, ಆದರೆ ಬರೆದ ಮೇಲೆ ಪರೀಕ್ಷಿಸಬೇಕು. ಅಸಿಟಿಕ್ ಆಮ್ಲ ನೀರಿನಲ್ಲಿ ಅಯಾನುಗಳಾಗಿ ಒಡೆಯುವ ಕ್ರಿಯೆಯ ಸ್ಥಿರಾಂಕ 1.8 × 10⁻⁵. ದ್ರಾವಣದ ಸಾರತೆ 0.1 ಇದ್ದರೆ ಎಕ್ಸ್ 0.00134 ಬರುತ್ತದೆ, 0.1ರಲ್ಲಿ ಅದು ಶೇಕಡಾ 1.3, ಬಿಟ್ಟರೆ ನಷ್ಟವಿಲ್ಲ. ಅದೇ ಆಮ್ಲವನ್ನು ನೂರು ಪಟ್ಟು ತೆಳುಮಾಡಿ 0.001 ಮಾಡಿದರೆ ಅಡ್ಡದಾರಿಯ ಉತ್ತರ ಶೇಕಡಾ 13ರಷ್ಟಾಗುತ್ತದೆ. ಆಗ ಬಿಡುವಂತಿಲ್ಲ, ವರ್ಗಸಮೀಕರಣ ಬಿಡಿಸಲೇಬೇಕು, ಬಿಡಿಸಿದರೆ ಶೇಕಡಾ 12.5 ಸಿಗುತ್ತದೆ. ಶೇಕಡಾ 5ರ ಒಳಗಿದ್ದರೆ ಬಿಡಿ, ದಾಟಿದರೆ ಬಿಡಬೇಡಿ ಎಂಬುದು ರೂಢಿಯ ಗಡಿ.

ಘನವಸ್ತುಗಳು ಸೂತ್ರದಲ್ಲಿ ಏಕೆ ಬರುವುದಿಲ್ಲ ಎಂದೂ ಕೇಳಿದ್ದೀರಿ. ಇದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ನಿಮ್ಮ ಮನೆಯಲ್ಲೂ ಶಹಾಬಾದ್ ಕಲ್ಲಿನ ನೆಲ ಇರಬಹುದು. ಒಂದು ಮೂಲೆಯಲ್ಲಿ ಎರಡು ಹನಿ ನಿಂಬೆರಸ ಬಿಟ್ಟು ಬಗ್ಗಿ ನೋಡಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ, ಒರೆಸಿದ ಮೇಲೆ ಹೊಳಪು ಹೋದ ಕಲೆ ಉಳಿಯುತ್ತದೆ. (ಅಮ್ಮನಿಗೆ ಕಾಣದ ಮೂಲೆಯಾಗಿರಲಿ, ಆ ಕಲೆ ಹೋಗುವುದಿಲ್ಲ.) ಅದು ಸುಣ್ಣಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಗುಳ್ಳೆ ಕಾರ್ಬನ್ ಡೈಆಕ್ಸೈಡ್. ಈ ಸುಣ್ಣಕಲ್ಲನ್ನು ನಂಬಿಯೇ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿವೆ.

ಅದೇ ಕಲ್ಲನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಅನಿಲದ ಒತ್ತಡ ಒಂದು ಮಟ್ಟಕ್ಕೆ ಏರಿ ನಿಲ್ಲುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಮಟ್ಟ ಒಂದು ವಾತಾವರಣದ ಒತ್ತಡದಷ್ಟು. ಪಾತ್ರೆಯಲ್ಲಿ ಕಲ್ಲು ಒಂದು ಕಿಲೋ ಇರಲಿ, ಹತ್ತು ಕಿಲೋ ಇರಲಿ, ಸುಣ್ಣದ ಜೊತೆಗೆ ಸುಡದ ಕಲ್ಲು ಸ್ವಲ್ಪವಾದರೂ ಉಳಿದಿರುವವರೆಗೆ ಆ ಒತ್ತಡ ಬದಲಾಗುವುದಿಲ್ಲ. ರಾಶಿ ದೊಡ್ಡದಾದರೆ ಕಲ್ಲಿನ ಸಾರತೆ ಹೆಚ್ಚುವುದಿಲ್ಲವಲ್ಲ. ಒಂದು ಲೀಟರ್ ಕಲ್ಲಿನಲ್ಲಿ ಎಷ್ಟು ಮೋಲ್ ಇದೆಯೋ ಹತ್ತು ಲೀಟರ್ ಕಲ್ಲಿನ ಪ್ರತಿ ಲೀಟರಿನಲ್ಲೂ ಅಷ್ಟೇ ಇದೆ. ಅದಕ್ಕೇ ಘನವಸ್ತು ಸೂತ್ರದಿಂದ ಹೊರಗೆ. ಇಲ್ಲಿ ಸ್ಥಿರಾಂಕ ಎಂದರೆ ಅನಿಲದ ಒತ್ತಡ ಮಾತ್ರ. ಸುಣ್ಣದ ಭಟ್ಟಿಯ ಬಾಯಿ ತೆರೆದಿರುವುದೂ ಇದೇ ಕಾರಣಕ್ಕೆ: ಅನಿಲ ಹೊರಗೆ ಹೋಗುತ್ತಿರುವವರೆಗೆ ಕ್ರಿಯೆಗೆ ನೆಲೆ ನಿಲ್ಲಲು ಅವಕಾಶವಿಲ್ಲ, ಕಲ್ಲೆಲ್ಲ ಸುಣ್ಣವಾಗುವವರೆಗೂ ಅದು ಮುಂದಕ್ಕೇ ನಡೆಯುತ್ತದೆ. 100 ಗ್ರಾಂ ಶುದ್ಧ ಕಾರ್ಬೊನೇಟಿನಿಂದ 56 ಗ್ರಾಂ ಸುಣ್ಣ, 44 ಗ್ರಾಂ ಗಾಳಿಪಾಲು.

1884ರ ಲೆ ಶಾಟೆಲಿಯೆ ತತ್ವದ (ಸಮತೋಲನವನ್ನು ಕದಡಿದರೆ ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಕ್ರಿಯೆ ಸರಿಯುತ್ತದೆ ಎಂಬುದರ) ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ನಿಮಗೆ ಬರುತ್ತದೆ ಎಂದಿದ್ದೀರಿ. ಎರಡು ಎಚ್ಚರಿಕೆ ಸಾಕು. ಸ್ಥಿರಾಂಕವನ್ನು ಬದಲಿಸುವುದು ಉಷ್ಣತೆ ಮಾತ್ರ. ಒತ್ತಡವೂ ಕ್ರಿಯಾವರ್ಧಕವೂ ಅದನ್ನು ಮುಟ್ಟುವುದಿಲ್ಲ. ಪಾತ್ರೆಯ ಗಾತ್ರ ಬದಲಿಸದೆ ಕ್ರಿಯೆಯಲ್ಲಿ ಭಾಗವಹಿಸದ ಆರ್ಗಾನ್ ಅನಿಲ ತುಂಬಿದರೆ ಒಟ್ಟು ಒತ್ತಡ ಏರಿದರೂ ಸಮತೋಲನ ಅಲುಗಾಡುವುದಿಲ್ಲ, ಪರೀಕ್ಷೆಗಳಲ್ಲಿ ಇದನ್ನು ಬಲೆಯಂತೆ ಒಡ್ಡುತ್ತಾರೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಇರಲಿ, ಮೂರು ಸಾಲುಗಳ ತಲೆಗೆ ಕನ್ನಡದಲ್ಲೇ ಆರಂಭ, ಬದಲಾವಣೆ, ಕೊನೆ ಎಂದು ಬರೆದು ಅಭ್ಯಾಸ ಮಾಡಿ. ಪ್ರಶ್ನೆಯ ಪ್ರತಿ ಅಂಕೆಯ ಮುಂದೆಯೂ ಅದು ಮೊದಲಿನದೋ ಕೊನೆಯದೋ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ನನ್ನ ಅನುಭವದಲ್ಲಿ, ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಸೋಲುವುದು ಲೆಕ್ಕದಲ್ಲಲ್ಲ, ಪ್ರಶ್ನೆಯ ವಾಕ್ಯದಲ್ಲಿ ಯಾವ ಅಂಕೆ ಯಾವ ಹೊತ್ತಿನದು ಎಂಬುದನ್ನು ಅವಸರದಲ್ಲಿ ಓದಿಬಿಡುವುದರಲ್ಲಿ. ದಿನಕ್ಕೆ ಹತ್ತು ಲೆಕ್ಕ ಬೇಡ. ಎರಡು ಮಾಡಿ, ಬಿಡಿಸಿದ ಉತ್ತರವನ್ನು ಮುಚ್ಚಿಟ್ಟು ಮಾಡಿ. ಹಲಗೆಯ ಮೇಲೆ ನೋಡಿದಾಗ ತಿಳಿದಂತೆ ಅನಿಸುವುದು ಬೇರೆಯವರ ನಡಿಗೆಯನ್ನು ನೋಡಿದಂತೆ, ಅದರಿಂದ ನಮ್ಮ ಕಾಲಿಗೆ ಬಲ ಬರುವುದಿಲ್ಲ.

ಇವತ್ತು ಒಂದೇ ಒಂದು ಲೆಕ್ಕ ಮಾಡಿ. 2 ಲೀಟರಿನ ಪಾತ್ರೆಯಲ್ಲಿ 1 ಮೋಲ್ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಇದೆ. ಅದು ಒಡೆದು ಎರಡು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಸ್ಥಿರಾಂಕ 0.1 ಎಂದುಕೊಳ್ಳಿ. ಪ್ರತಿ ಲೀಟರಿಗೆ ಎಷ್ಟು ಮೋಲ್ ಒಡೆಯಿತು? ಉತ್ತರ 0.1 ಬರಬೇಕು. 0.146 ಬಂದಿದ್ದರೆ ಮೊದಲ ಸಾಲಿನಲ್ಲಿ ಪಾತ್ರೆಯ ಗಾತ್ರದಿಂದ ಭಾಗಿಸುವುದನ್ನು ಬಿಟ್ಟಿದ್ದೀರಿ. 0.135 ಬಂದಿದ್ದರೆ 2ಎಕ್ಸ್ ಅನ್ನು ವರ್ಗ ಮಾಡುವಾಗ 2 ಅನ್ನು ವರ್ಗ ಮಾಡಿಲ್ಲ. ಇವೆರಡೂ ಅಲ್ಲದ ಬೇರೆ ಏನಾದರೂ ಬಂದರೆ ನಿಮ್ಮ ಮೂರು ಸಾಲುಗಳನ್ನು ಇದ್ದ ಹಾಗೆಯೇ ಇಲ್ಲಿ ಬರೆಯಿರಿ, ಎಲ್ಲಿ ತಪ್ಪಿತೆಂದು ನಾನು ಹುಡುಕಿ ಹೇಳುತ್ತೇನೆ.