ಮುಳ್ಳು ಮೊದಲು, ನೊಬೆಲ್ ಆಮೇಲೆ

ನಮಸ್ಕಾರ. ನೋವಾದಾಗ ಕೈಕಾಲು ತಾನಾಗಿ ಸೆಳೆದುಕೊಳ್ಳುವುದರ ಮೇಲೆ ಕಂಪನ ಏನು ಮಾಡುತ್ತದೆ ಎಂದು ನೀವು ಬಾಗಲಕೋಟೆಯಿಂದ ಬರೆದು ಕಳಿಸಿದ ‘ಕಂಪನ ಮತ್ತು ನೋವಿನ ಪ್ರತಿವರ್ತನೆ’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ.

ಫಿಸಿಯೋಥೆರಪಿ ಓದುತ್ತಿರುವ ನಿಮಗೆ ವಿಷಯ ಗೊತ್ತು. ಆದರೆ ಮೊದಲ ಎರಡು ಪುಟ ನರವಿಜ್ಞಾನಿ ಶೆರಿಂಗ್ಟನ್, ಅವರ 1932ರ ನೊಬೆಲ್, ಅದರ ಮೇಲೆ ‘ಚರ್ಮೀಯ ವೇದನಾ ಪ್ರಚೋದನೆ’. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆ ಕೊಳ್ಳುವವರು ಅಲ್ಲೇ ಪುಟ ಮಗುಚುತ್ತಾರೆ. ನಾಲ್ಕನೇ ಪುಟದಲ್ಲಿ ಒಂದು ಸಾಲು ಬಚ್ಚಿಟ್ಟಿದ್ದೀರಿ: ಎರೆಹೊಲದಲ್ಲಿ ಜಾಲಿಮುಳ್ಳು ಚುಚ್ಚಿದಾಗ ಅಜ್ಜ ‘ಯವ್ವಾ’ ಅನ್ನುವ ಮೊದಲೇ ಕಾಲು ಎತ್ತಿದ್ದ. ಶುರು ಮಾಡಬೇಕಾದ್ದು ಅಲ್ಲಿಂದ.

ಆ ಗಳಿಗೆಯಲ್ಲಿ ಎಷ್ಟೆಲ್ಲ ನಡೆಯಿತು ನೋಡಿ. ಚರ್ಮದ ನರ ಸುದ್ದಿ ಮುಟ್ಟಿಸಿತು. ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯೇ ತೊಡೆಯ ಹಿಂದಿನ ಸ್ನಾಯುವನ್ನು ಎಳೆಸಿತು, ಮೊಣಕಾಲು ಮಡಚಿತು. ಇನ್ನೊಂದು ಕಾಲು ಬಿಗಿಯಾಗಿ ನಿಂತಿತು, ಇಲ್ಲದಿದ್ದರೆ ಅಜ್ಜ ನೆಲಕ್ಕೆ! ಲ್ಯಾಬಿನಲ್ಲಿ ಮುಳ್ಳಿನ ಬದಲು ಹಿಮ್ಮಡಿಯ ಮೇಲಕ್ಕೆ ಸಣ್ಣ ಕರೆಂಟ್ ಕೊಡುತ್ತಾರೆ. ಸುಮಾರು 0.1 ಸೆಕೆಂಡಿನಲ್ಲಿ ಆ ಸ್ನಾಯು ಸೆಟೆಯುತ್ತದೆ.

ಈಗ ತಪ್ಪಿನ ಮಾತು. ‘ಕಂಪನ ನೋವು ತಡೆಯುತ್ತದೆ, ಹಾಗಾಗಿ ಸ್ನಾಯು ಸುಮ್ಮನಿರುತ್ತದೆ’ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಅವೆರಡೂ ಬೇರೆ ಅಲ್ವಾ? ನೋವು ಅನ್ನಿಸುವುದು ಮಿದುಳಿನಲ್ಲಿ, ಕಾಲು ಸೆಳೆಯುವುದು ಬೆನ್ನುಹುರಿಯಲ್ಲಿ. ಒಂದು ಇಳಿದರೆ ಇನ್ನೊಂದೂ ಅಷ್ಟೇ ಇಳಿಯಬೇಕೆಂದಿಲ್ಲ. ಸ್ಪರ್ಶದ ದಪ್ಪ ನರಗಳು ನೋವಿನ ಸುದ್ದಿಗೆ ಬಾಗಿಲು ಹಾಕುತ್ತವೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್, ವಾಲ್ 1965ರಲ್ಲಿ ಹೇಳಿದ್ದನ್ನು ನೀವು ಚೆನ್ನಾಗಿಯೇ ಬಿಡಿಸಿದ್ದೀರಿ. ಸ್ನಾಯುವಿನ ಲೆಕ್ಕ ಅಷ್ಟರಲ್ಲಿ ಮುಗಿಯುವುದಿಲ್ಲ. ಸೆಕೆಂಡಿಗೆ 100 ಸಲ ನಡುಗುವ ಯಂತ್ರವನ್ನು ಸ್ನಾಯುವಿನ ಮೇಲೆಯೇ ಹಿಡಿದರೆ, ಅದರೊಳಗಿನ ಎಳೆತ ಅಳೆಯುವ ತಂತುಗಳು ಕೆರಳಿ ಸ್ನಾಯು ತಾನಾಗಿ ನಿಧಾನಕ್ಕೆ ಬಿಗಿಯುತ್ತದೆ. ತಮಾಷೆ ಏನೆಂದರೆ, ತೊಡೆಯ ಮುಂದಿನ ಸ್ನಾಯು ಹೀಗೆ ಬಿಗಿಯುತ್ತಿರುವಾಗಲೇ, ಸುತ್ತಿಗೆ ತಟ್ಟಿದರೆ ಬರುವ ಮೊಣಕಾಲಿನ ಒದೆತ ಕುಗ್ಗುತ್ತದೆ. ಯಂತ್ರ ಎಲ್ಲಿಟ್ಟರು, ಯಾವ ಸ್ನಾಯು ಅಳೆದರು ಎಂದು ಹೇಳದೆ ‘ಕಂಪನದಿಂದ ಕಡಿಮೆ’ ಅಂದರೆ ಏನು ಕಡಿಮೆ?

ಗಿರಣಿಯ ಉದಾಹರಣೆ ನನಗೆ ಇಷ್ಟವಾಯಿತು. ಓಡುತ್ತಿರುವ ಹಿಟ್ಟಿನ ಗಿರಣಿಯ ಹಲಗೆಗೆ ಅಂಗೈ ಊರಿದರೆ ಬೆರಳಿನ ಗಾಯದ ಉರಿ ಮಂಕಾಗುತ್ತದೆ ಎಂದಿದ್ದೀರಿ. ನೀವೇ ಊರಿ ನೋಡಿದ್ದೋ, ಯಾರೋ ಹೇಳಿದ್ದೋ? ನೋಡಿದ್ದಾದರೆ ಆ ಗಿರಣಿ ಎಲ್ಲಿಯದು, ಕೈ ತೆಗೆದ ಮೇಲೆ ಉರಿ ಎಷ್ಟು ಹೊತ್ತಿಗೆ ಮರಳಿತು, ಅದನ್ನೂ ಬರೆಯಿರಿ. ಶೆರಿಂಗ್ಟನ್‌ಗೆ ಒಂದು ಸಾಲು ಸಾಕು. ದೀಪಾವಳಿಯೊಳಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.