ಗೆದ್ದಾಗ ಪಟಾಕಿ, ಸೋತಾಗ ಚರ್ಚಿನ ಮೇಲೆ ಮುನಿಸು

ಪ್ರಶ್ನೆ: ಅಕ್ಕ, ನಮ್ದು ಉಡುಪಿ ಕಡೆ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನವ್ರು. ಕಳೆದ ವರ್ಷ, 2023ರಲ್ಲಿ, ವಿಧಾನಸಭೆ ರಿಸಲ್ಟ್ ಬಂದ ದಿನ ನಮ್ಮ ಯಜಮಾನ್ರು ಗೇಟಿನ ಹತ್ರ ಪಟಾಕಿ ಹಚ್ಚಿದ್ರು, ಮಾರನೇ ದಿನ ಭಾನುವಾರ ಚರ್ಚಲ್ಲಿ ಲಡ್ಡು ಹಂಚಿದ್ರು. ಈ ಸಲ, 2024ರಲ್ಲಿ, ಲೋಕಸಭೆ ರಿಸಲ್ಟ್ ಬಂದ ಜೂನ್ 4ರಿಂದ ಮುಖ ಸಪ್ಪೆ. 9ನೇ ತಾರೀಕು ಆರಾಧನೆಯಲ್ಲಿ ಪಾದ್ರಿಯವ್ರು ಪ್ರಧಾನಿ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ದೇ ತಡ, ಎದ್ದು ಹೊರಗೆ ಹೋದ್ರು, ಇನ್ಮೇಲೆ ಬರಲ್ಲ ಅಂತಾರೆ. ಪಕ್ಕದ ಮನೆ ಶೆಡ್ತಿ ಅಕ್ಕ ಪಟಾಕಿ ದಿನದಿಂದ ಮಾತು ಬಿಟ್ಟಿದ್ದಾರೆ, ಅಷ್ಟಮಿಗೆ ಮೂಡೆನೂ (ಎಲೆಯಲ್ಲಿ ಬೇಯಿಸೋ ಇಡ್ಲಿ) ಬರ್ಲಿಲ್ಲ. ಏನ್ ಮಾಡ್ಲಿ?

ಉತ್ತರ: ತಂಗಿ, ನೀವು ಜೂನ್ 9ರ ಬಗ್ಗೆ ಕೇಳ್ತಿದ್ದೀರಿ, ನಂಗೆ ಮಾತ್ರ ಎಡವಟ್ಟಾಗಿದ್ದು ಹೋದ ವರ್ಷ ಆ ಲಡ್ಡು ಡಬ್ಬ ಚರ್ಚಿನೊಳಗೆ ಬಂದಾಗಲೇ ಅನ್ಸುತ್ತೆ. ನಿಮ್ಮ ಸಭೆಯಲ್ಲಿ ಬೇರೆ ಪಾರ್ಟಿಗೆ ಓಟ್ ಹಾಕಿದವ್ರು ಒಬ್ರೂ ಇರ್ಲಿಲ್ವಾ? ಇದ್ದೇ ಇರ್ತಾರೆ, ಆ ಲಡ್ಡು ಕೈಯಲ್ಲಿ ಹಿಡ್ಕೊಂಡು ಏನ್ ಮಾಡೋದು ಅಂತ ಗೊತ್ತಾಗದೆ ಸುಮ್ನೆ ಬಾಯಿಗೆ ಹಾಕ್ಕೊಂಡಿರ್ತಾರೆ. ಇನ್ನೊಂದು ತಮಾಷೆ ನೋಡಿ, ಕಾಂಗ್ರೆಸ್ಸಿಗೆ 135 ಬಂತು ಅಂತ ಇವ್ರು ಪಟಾಕಿ ಹಚ್ಚಿದ ಆ ಚುನಾವಣೆಯಲ್ಲೇ ಉಡುಪಿ ಜಿಲ್ಲೆಯ 5ಕ್ಕೆ 5 ಸೀಟೂ ಬಿಜೆಪಿಗೆ ಹೋಗಿತ್ತು!

ಆದ್ರೆ ಯಜಮಾನ್ರನ್ನ ಬೈಯೋಕೆ ಹೋಗ್ಬೇಡಿ, ಅವ್ರ ಖುಷಿಗೂ ಕಾರಣ ಇತ್ತು. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದ್ಮೇಲೆ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡೋಕೂ ಬಾಗಿಲು ಹಾಕ್ಕೊಳ್ಳೋ ಹಾಗಾಗಿತ್ತು, 2023ರ ಜೂನ್‌ನಲ್ಲಿ ಹೊಸ ಸಂಪುಟ ಅದನ್ನ ವಾಪಸ್ ತಗೊಳ್ಳೋಕೆ ತೀರ್ಮಾನ ಮಾಡ್ದಾಗ ಎಷ್ಟೋ ಮನೆಗಳು ಉಸಿರು ಬಿಟ್ವು. ಈಗ ಸೋತಾಗ ಆ ಭಯ ಮತ್ತೆ ಬಂದಿರುತ್ತೆ, ಸಿಟ್ಟಿನ ಒಳಗೆ ಇರೋದು ಅದೇ. ಅದನ್ನ ಕೂತು ಕೇಳಿ, ಬೈಬಲ್ ವಚನ ಹೇಳಿ ಬಾಯಿ ಮುಚ್ಚಿಸ್ಬೇಡಿ.

ಪಾದ್ರಿಯವ್ರು ಮಾಡಿದ್ದು ಸರಿನೇ. ಅಧಿಕಾರದಲ್ಲಿರೋರಿಗಾಗಿ ಪ್ರಾರ್ಥಿಸಿ ಅಂತ ಬೈಬಲ್ಲಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೇ ಇದೆ, ನಾವು ಓಟ್ ಹಾಕಿದವ್ರಿಗೆ ಮಾತ್ರ ಅಂತ ಇಲ್ಲ, ಆಗಿನ ರೋಮ್‌ ಚಕ್ರವರ್ತಿಗೆ ಓಟ್ ಹಾಕಿದ್ದಾದ್ರೂ ಯಾರು! ಆದ್ರೆ ಪ್ರಾರ್ಥನೆ ಅಂದ್ರೆ ಜೈಕಾರನೂ ಅಲ್ಲ, ಬಾಯಿಗೆ ಬೀಗನೂ ಅಲ್ಲ. ಬೈಬಲ್ಲಿನ ಪೌಲನನ್ನೇ ನೋಡಿ, ಫಿಲಿಪ್ಪಿ ಅನ್ನೋ ಊರಲ್ಲಿ ವಿಚಾರಣೆ ಇಲ್ದೆ ಹೊಡೆದು ಜೈಲಿಗೆ ಹಾಕಿ ಆಮೇಲೆ ಗುಟ್ಟಾಗಿ ಬಿಟ್ಟು ಕಳಿಸ್ತೀವಿ ಅಂದಾಗ, ಆಗಲ್ಲ, ಅಧಿಕಾರಿಗಳೇ ಬಂದು ಕರ್ಕೊಂಡು ಹೋಗ್ಲಿ ಅಂದ, ಅವ್ರು ಬಂದ್ರು ಕೂಡ. ಆಮೇಲೆ ಕೈಸರನಿಗೇ, ಅಂದ್ರೆ ರೋಮ್ ಚಕ್ರವರ್ತಿಗೇ ಅಪೀಲು ಹಾಕ್ದ, ಅದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 25ನೇ ಅಧ್ಯಾಯ. ನಮ್ಮ ಸಂವಿಧಾನದಲ್ಲಿ ಧರ್ಮದ ಸ್ವಾತಂತ್ರ್ಯ ಕೊಡೋ ವಿಧಿನೂ 25ನೇದೇ, ಕಾಕತಾಳೀಯ ಅಷ್ಟೇ, ಆದ್ರೆ ನೆನಪಿಟ್ಕೊಳ್ಳೋಕೆ ಸುಲಭ. ಯಜಮಾನ್ರಿಗೆ ಭಯ ಇದ್ರೆ ಎಂಪಿ ಆಫೀಸಿಗೆ ಒಂದು ಅರ್ಜಿ ಬರೀಲಿ, ಓಟ್ ಹಾಕದಿದ್ರೂ ಗೆದ್ದವ್ರೇ ಇವ್ರ ಎಂಪಿ.

ಚರ್ಚಿಗೆ ಬನ್ನಿ ಅಂತ ಎರಡು ಭಾನುವಾರ ಒತ್ತಾಯ ಮಾಡ್ಬೇಡಿ, ನೀವು ಹೋಗಿ ಬನ್ನಿ. ಬೇಕಿದ್ರೆ ಪಾದ್ರಿಯವ್ರಿಗೆ ಸಂಜೆ ಟೀಗೆ ಬನ್ನಿ ಅಂತ ಹೇಳಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಈ ವಿಷಯ ಎತ್ತಲೇಬೇಡಿ.

ಶೆಡ್ತಿ ಅಕ್ಕನ ಕೆಲ್ಸ ಮಾತ್ರ ಈ ವಾರನೇ ಆಗ್ಬೇಕು. ಮಳೆ ಶುರುವಾದ್ರೂ ಹಲಸಿನ ಹಣ್ಣು ಇನ್ನೂ ಸಿಗುತ್ತಲ್ವಾ, ಒಂದಿನ ಹಲಸಿನ ಗಟ್ಟಿ (ಎಲೆಯಲ್ಲಿ ಬೇಯಿಸೋ ಸಿಹಿ ಕಡುಬು) ಮಾಡಿ, ಬಿಸಿ ಇರುವಾಗ್ಲೇ ಒಂದು ತಟ್ಟೆ ಯಜಮಾನ್ರ ಕೈಯಲ್ಲಿ ಕೊಟ್ಟು ಕಳಿಸಿ. ನೀವು ಜೊತೆಗೆ ಹೋಗ್ಬೇಡಿ, ಪಟಾಕಿ ಹಚ್ಚಿದ ಕೈಯೇ ಆ ಗೇಟು ತೆಗೀಲಿ.