ಸಲೋನ್ ಮತ್ತು ರೊಮ್ಯಾಂಟಿಕ್ ಚಿತ್ರಕಾರರು: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಪ್ಯಾರಿಸ್ಸಿನ ಸರ್ಕಾರಿ ಕಲಾಪ್ರದರ್ಶನವಾದ ಸಲೋನ್, ಭಾವಾವೇಶಕ್ಕೂ ಬಣ್ಣಕ್ಕೂ ಒತ್ತು ಕೊಟ್ಟ ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಚಿತ್ರಕಾರರಿಗೆ ಬಾಗಿಲು ಮುಚ್ಚಿತ್ತೆಂದೂ ಅವರು ಹೊರಗೇ ನಿಂತು ಹೋರಾಡಿ ಗೆದ್ದರೆಂದೂ ವಾದಿಸುವ ನಿಮ್ಮ ಲೇಖನವನ್ನು ಓದಿದೆ. ಭಾಷೆ ಚೊಕ್ಕವಾಗಿದೆ, ವಾದ ಮಾತ್ರ ನಿಲ್ಲುವುದಿಲ್ಲ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು.

ನೀವು ಹೆಸರಿಸಿದ ಚಿತ್ರಗಳೇ ನಿಮ್ಮ ವಿರುದ್ಧ ಸಾಕ್ಷಿ ನುಡಿಯುತ್ತವೆ. ರಾಜನಿಷ್ಠೆಯ ಬಲದಿಂದ ಹುದ್ದೆ ಪಡೆದಿದ್ದ ಕಪ್ತಾನನ ಅಸಾಮರ್ಥ್ಯದಿಂದ 1816ರಲ್ಲಿ ಸಂಭವಿಸಿದ ನೌಕಾ ದುರಂತವನ್ನು, ಅದುವರೆಗೆ ಪುರಾಣ ಮತ್ತು ಇತಿಹಾಸದ ವೀರರಿಗೆ ಮೀಸಲೆನ್ನಿಸಿದ್ದ ಅಳತೆಯಲ್ಲಿ, ಏಳು ಮೀಟರು ಅಗಲದ ಕ್ಯಾನ್ವಾಸಿನ ಮೇಲೆ ಜೆರಿಕೋ ಚಿತ್ರಿಸಿದರು. ಆ ‘ಮೆಡೂಸಾದ ತೆಪ್ಪ’ ಜನರೆದುರು ಬಂದದ್ದು 1819ರ ಸಲೋನಿನಲ್ಲಿ. ಅಲ್ಲಿ ಅದಕ್ಕೆ ಪದಕವೂ ದೊರೆಯಿತು. ದೆಲಾಕ್ರುವಾ ಅವರ ‘ಡಾಂಟೆಯ ದೋಣಿ’ 1822ರಲ್ಲಿ ಅಲ್ಲಿಯೇ ಪ್ರದರ್ಶಿತವಾಯಿತು, ಸರ್ಕಾರವೇ ಅದನ್ನು ಕೊಂಡುಕೊಂಡಿತು. ಆಗ ಈ ಹೊಸಬನನ್ನು ಪತ್ರಿಕೆಯಲ್ಲಿ ಮೆಚ್ಚಿ ಬರೆದ ತಿಯೇರ್ ಮುಂದೆ ಫ್ರಾನ್ಸಿನ ಅಧ್ಯಕ್ಷರೇ ಆದರು. 1824ರಲ್ಲಿ ದೆಲಾಕ್ರುವಾ ಅವರದೇ ‘ಕಿಯೋಸ್ ಹತ್ಯಾಕಾಂಡ’ವನ್ನು ಹಲವು ವಿಮರ್ಶಕರು ಜರೆದರು, ಸರ್ಕಾರ ಅದನ್ನೂ ಕೊಂಡಿತು. ಅದೇ ಸಲೋನಿನಲ್ಲಿ ಆಂಗ್ರ್ ಅವರ ಸಾಂಪ್ರದಾಯಿಕ ಶೈಲಿಯ ‘ಹದಿಮೂರನೆಯ ಲೂಯಿಯ ಹರಕೆ’ಯೂ ಇತ್ತು, ಇಂಗ್ಲೆಂಡಿನ ಕಾನ್‌ಸ್ಟೆಬಲ್‌ಗೆ ಚಿನ್ನದ ಪದಕವೂ ಸಂದಿತು. ಸಾಂಪ್ರದಾಯಿಕ ಮತ್ತು ರೊಮ್ಯಾಂಟಿಕ್ ಎಂಬ ಎರಡು ಪಂಥಗಳ ಜಗಳಕ್ಕೆ ಅಂಗಳ ಒದಗಿಸಿದ್ದೇ ಸಲೋನ್.

ನಿಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಇಲ್ಲಿದೆ. ಇಷ್ಟು ದೊಡ್ಡ ಚಿತ್ರಗಳನ್ನು ಯಾರ ಮನೆಯ ಗೋಡೆ ತಾಳೀತು? ಕೊಳ್ಳಬಲ್ಲವರೆಂದರೆ ಮುಖ್ಯವಾಗಿ ಸರ್ಕಾರ ಮತ್ತು ಚರ್ಚು. ಚೌಕಟ್ಟಿಗೆ ಚೌಕಟ್ಟು ತಾಗುವಂತೆ ಸೂರಿನವರೆಗೂ ಚಿತ್ರಗಳನ್ನು ತೂಗುಹಾಕಿದ ಆ ಸಭಾಂಗಣದಲ್ಲಿ, ನೂಕುನುಗ್ಗಲಿನ ನಡುವೆ ನೋಟಕರ ಕಣ್ಣು ಸೆಳೆಯಬೇಕೆಂದರೆ ಗಾತ್ರ, ಉಜ್ವಲ ವರ್ಣ, ಬೆಚ್ಚಿಬೀಳಿಸುವ ಘಟನೆ ಎಲ್ಲವೂ ಬೇಕಾಗುತ್ತಿದ್ದವು. ರೊಮ್ಯಾಂಟಿಕ್ ಶೈಲಿಯ ಅಬ್ಬರದಲ್ಲಿ ಈ ಪ್ರದರ್ಶನದ ಪಾಲು ಎಷ್ಟೆಂಬುದನ್ನು ನೀವು ಬರೆದಿದ್ದರೆ ಎರಡು ಮಾತಿಲ್ಲದೆ ಸ್ವೀಕರಿಸುತ್ತಿದ್ದೆ.

ನಿಮ್ಮ ದೂರಿಗೆ ಆಧಾರವೇ ಇಲ್ಲವೆಂದಲ್ಲ. ‘ಸರ್ದನಪಾಲನ ಸಾವು’ ಪ್ರದರ್ಶನಗೊಂಡ ಬಳಿಕ, ಶೈಲಿ ಬದಲಿಸದಿದ್ದರೆ ಸರ್ಕಾರದ ಕೆಲಸ ಸಿಗದೆಂದು ಅಧಿಕಾರಿಗಳು ದೆಲಾಕ್ರುವಾ ಅವರನ್ನು ಎಚ್ಚರಿಸಿದರು. 1830ರ ನಂತರ, ಸರ್ಕಾರಿ ಕಲಾಸಂಸ್ಥೆಯಾದ ಅಕಾಡೆಮಿಯ ಸದಸ್ಯರೇ ಸಲೋನಿನ ಆಯ್ಕೆಗಾರರಾದಾಗ ದೆಲಾಕ್ರುವಾ ಅವರ ಕೆಲವು ಚಿತ್ರಗಳೂ, ತಿಯೋದೋರ್ ರೂಸೋ ಅವರ ನಿಸರ್ಗಚಿತ್ರಗಳೂ ತಿರಸ್ಕೃತವಾದವು. ನೀವು ಇವನ್ನು ಬಿಟ್ಟು, ಲೇಖನದ ಶಿಖರವಾಗಿ ಸಲೋನ್ ತಿರಸ್ಕರಿಸಿದ ಚಿತ್ರಗಳಿಗೆಂದೇ ನಡೆದ 1863ರ ‘ತಿರಸ್ಕೃತರ ಸಲೋನ್’ ಅನ್ನು ನಿಲ್ಲಿಸಿದ್ದೀರಿ. ಅದು ರೊಮ್ಯಾಂಟಿಕ್ ಚಿತ್ರಕಾರರ ನಂತರ ಬಂದ, ಚಿತ್ರಕಾರ ಮಾನೆಯ ಪೀಳಿಗೆಯ ಕತೆ. ದೆಲಾಕ್ರುವಾ ಅಷ್ಟರಲ್ಲಿ ಅಕಾಡೆಮಿಯ ಸದಸ್ಯರಾಗಿದ್ದು, ಅದೇ ವರ್ಷ ತೀರಿಕೊಂಡರು.

ಮೊದಲ ಮೂರು ಪುಟಗಳನ್ನು ತೆಗೆದುಹಾಕಿ, 1824ರ ಸಭಾಂಗಣದಿಂದ ಆರಂಭಿಸಿ, 1863ರ ಭಾಗವನ್ನು ಕೈಬಿಟ್ಟು ಬರೆದು ಕಳುಹಿಸಿದರೆ ಮತ್ತೆ ಓದುತ್ತೇನೆ.

ಇತಿ,
ಸಂಪಾದಕ